ಮಡಿ ಬಿಡುವ ಹೊತ್ತು

ಸಿರುಗುಪ್ಪದಲ್ಲಿ ನನ್ನ ಅಕ್ಕನ ಮನೆಯ ಹಿತ್ತಲಿಗೆ ರೈಸ್ ಮಿಲ್ಲಿನ ಬೂದಿ ಬೀಳುತ್ತದೆ. ಬಾಯ್ಲರಿನಲ್ಲಿ ಭತ್ತದ ಹೊಟ್ಟು ಉರಿದಾಗ ಮೇಲೇಳುವ ಕರಿಬೂದಿ. ಎಳ್ಳಿನಷ್ಟು ಸಣ್ಣದು, ತೂಕವೇ ಇಲ್ಲದ್ದು. ಊರಿನವರು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಹಾಸಿಗೆಯ ಮೇಲೆ ಬಿದ್ದರೆ ಕೊಡವುತ್ತಾರೆ, ಹಾಲಿನಲ್ಲಿ ಬಿದ್ದರೆ ಬೆರಳಿನಿಂದ ತೆಗೆದು ಕುಡಿಯುತ್ತಾರೆ.

ಆ ಭಾನುವಾರ ನಾನು ಹೋದಾಗ ಮಧ್ಯಾಹ್ನ ಮೀರಿತ್ತು. ಅಕ್ಕ ಒದ್ದೆ ಸೀರೆಯಲ್ಲಿ ಹಿತ್ತಲಲ್ಲಿ ನಿಂತಿದ್ದಳು. ಎತ್ತರದ ಹಗ್ಗದ ಮೇಲೆ ಒಣಗಿದ್ದ ಮಡಿ ಸೀರೆಯನ್ನು ಕೋಲಿನಿಂದ ಇಳಿಸಿ, ಬೆಳಕಿಗೆ ಹಿಡಿದು, ಅಂಚಿನಿಂದ ಸೆರಗಿನವರೆಗೆ ನೋಡುತ್ತಾ ಬಂದಳು. ಒಂದು ಕಡೆ ಅವಳ ಕಣ್ಣು ನಿಂತಿತು. ಸೀರೆಯನ್ನು ಮತ್ತೆ ಬಕೆಟ್ಟಿಗೆ ಹಾಕಿದಳು. ಒಲೆ ಹೊತ್ತಿರಲಿಲ್ಲ. ಬೂದಿ ಬೀಳದಂತೆ ಸೀರೆ ಒಣಗಬೇಕು, ಅದನ್ನುಟ್ಟು ಅಕ್ಕಿ ತೊಳೆಯಬೇಕು, ಆಮೇಲೆ ಅನ್ನ. ಮಿಲ್ಲು ಬೆಳಗಿನಿಂದ ನಡೆಯುತ್ತಲೇ ಇತ್ತು.

ಭಾವ ಅದೇ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದವರು. ಈಗ ಕೆಲಸ ಬಿಟ್ಟಿದ್ದಾರೆ. ಪಡಸಾಲೆಯಲ್ಲಿ ಪೇಪರು ಹಿಡಿದು ಕೂತಿದ್ದರು.

"ಊಟ ಆತೇನ್ರಿ ಭಾವ?" ಎಂದೆ.

"ಆತು, ಬಸ್ ಸ್ಟ್ಯಾಂಡಿನ ಹೋಟೆಲಿನ್ಯಾಗ. ನಿಮ್ಮಕ್ಕನ ಕೈ ಅಡಿಗಿ ಸೀಮಿ ಮಂದಿ ಎಲ್ಲಾ ಉಂಡಾರ. ನನಗೊಬ್ಬಗ ಇಡ್ಲಿ."

"ಆಕಿ ಉಂಡಾಳೇನು?"

ಅವರು ಪೇಪರು ಮಡಿಸಿದರು. "ನಿನ್ನೆ ಸಂಜಿಮುಂದ ಬಾಳೆಹಣ್ಣು ತಿಂದಂಗ ನೆನಪು," ಎಂದರು. ಆಮೇಲೆ ದನಿ ತಗ್ಗಿಸಿ, "ನೀ ಏನರೆ ಮಾಡವಾ. ನನ್ನ ಕೈಲೆ ಆಗವಲ್ದು," ಎಂದರು.

ನಮ್ಮದು ವೈಷ್ಣವರ ಮನೆತನ. ಅಕ್ಕ ಮದುವೆಯಾಗಿ ಸಿರುಗುಪ್ಪಕ್ಕೆ ಹೋದಾಗ ಅವಳ ಅತ್ತೆ ಇನ್ನೂ ಗಟ್ಟಿಯಾಗಿದ್ದರು. ಅವರ ಮಡಿಯನ್ನು ಅಕ್ಕ ಕಲಿತಳು, ನಂತರ ಅವರನ್ನೂ ಮೀರಿಸಿದಳು. ಮಕ್ಕಳಾಗಲಿಲ್ಲ. ವರ್ಷಗಳು ಕಳೆದಂತೆ ಬಳ್ಳಾರಿ, ಕುರುಗೋಡು, ಸಿರುಗುಪ್ಪದ ನಮ್ಮ ಬಳಗದಲ್ಲಿ ಯಾರ ಮನೆಯಲ್ಲಿ ಶ್ರಾದ್ಧವಿದ್ದರೂ ಅಡಿಗೆಗೆ ಅಕ್ಕ ಬರಬೇಕು ಎನ್ನುವಂತಾಯಿತು. ಕೂಲಿಗೆ ಬರುವ ಅಡಿಗೆಯವರು ಸೊಂಟದಲ್ಲಿ ಮೊಬೈಲು ಸಿಗಿಸಿಕೊಂಡು ಮಡಿ ಎನ್ನುತ್ತಾರೆ, ಅಕ್ಕ ಹಾಗಲ್ಲ. ಕುರುಗೋಡಿನಲ್ಲಿರುವ ದೊಡ್ಡಪ್ಪನ ಮಗ, ನಾವಿಬ್ಬರೂ ಅಣ್ಣ ಎಂದು ಕರೆಯುವವನು, ತನ್ನ ತಾಯಿಯ ತಿಥಿಯನ್ನು ಪುರೋಹಿತರಿಗಿಂತ ಮೊದಲು ಅಕ್ಕನಿಗೆ ಹೇಳುತ್ತಿದ್ದ. "ಆಕಿ ಮಡಿ ಅಂದ್ರ ಬೆಂಕಿ ಇದ್ದಂಗ," ಎಂದು ಬಂದವರ ಮುಂದೆ ಹೆಮ್ಮೆಪಡುತ್ತಿದ್ದ. ಆ ದಿನಗಳಲ್ಲಿ ಅಕ್ಕ ಬೇರೆಯೇ ಆಗಿರುತ್ತಿದ್ದಳು. ಅಡಿಗೆಮನೆಯ ಒಳಗಿನಿಂದಲೇ ಬಡಿಸುವವರಿಗೆ, "ಆ ಆಚಾರ್ಯರಿಗೆ ಪಾಯಸ ಹಗುರ ಹಾಕ್ರಿ, ಹೋದ ವರ್ಷ ಏಳ್ಲಿಕ್ಕೆ ಇಬ್ರು ಹಿಡೀಬೇಕಾತು," ಎಂದು ನಗಿಸುತ್ತಿದ್ದಳು. ಅವಳ ನಗು ನಾನು ಕೇಳಿದ್ದು ಹೆಚ್ಚಾಗಿ ಆ ಮನೆಗಳಲ್ಲೇ.

ಕೊರೊನಾ ಬಂದಾಗ ಎಲ್ಲರೂ ಅಕ್ಕನ ದಾರಿಗೆ ಬಂದರು. ಮುಟ್ಟಬೇಡಿ, ಕೈ ತೊಳೆಯಿರಿ, ಹೊರಗಿನಿಂದ ಬಂದರೆ ಸ್ನಾನ ಮಾಡಿ ಎಂದು ಟೀವಿಯಲ್ಲಿ ಹೇಳುತ್ತಿದ್ದರು. ಹಿಂದೆಂದೂ ಫೋನು ಮಾಡದವರು ಮಾಡಿ, "ನಿಮ್ಮದೇ ಖರೆ ಆತು ನೋಡ್ರಿ," ಎಂದರು. ಆಮೇಲೆ ರೋಗ ಹೋಯಿತು. ಉಳಿದವರು ಬಾಗಿಲು ತೆರೆದು ಹೊರಗೆ ಬಂದರು. ಅಕ್ಕ ಬರಲಿಲ್ಲ. ಅದೇ ಕೆಲಸವನ್ನು ಒಂದು ವರ್ಷ ಸರ್ಕಾರವೇ ಮಾಡಿಸಿತ್ತು. ಅದು ಯಾವ ದಿನದಿಂದ ಕಾಯಿಲೆಯಾಯಿತು ಎಂದು ನಾನು ಬಹಳ ಯೋಚಿಸಿದ್ದೇನೆ. ಒಂದು ದಿನವನ್ನು ಬೊಟ್ಟು ಮಾಡಿ ತೋರಿಸಲು ನನಗಾಗಿಲ್ಲ.

ಆ ಭಾನುವಾರ ಅವಳ ಅಂಗೈ ನೋಡಿದೆ. ಸೋಪು, ಸೀಗೇಪುಡಿ ಎಲ್ಲ ತಿಕ್ಕಿ ತಿಕ್ಕಿ ಗೆರೆಗಳು ಬಿರಿದು ಒಳಗಿನ ಕೆಂಪು ಕಾಣುತ್ತಿತ್ತು. ಕುಪ್ಪಸದ ತೋಳು ಜೋತಾಡುತ್ತಿತ್ತು. ನಾನು ಬಳ್ಳಾರಿಗೆ ಮರಳಿದ ವಾರವೇ ಅವಳು ಹಿತ್ತಲಲ್ಲಿ ತಲೆ ಸುತ್ತಿ ಬಿದ್ದಳು. ಭಾವ ಎತ್ತಲು ಹೋದರೆ, ಬಿದ್ದಲ್ಲಿಂದಲೇ, "ಮುಟ್ಟಬ್ಯಾಡ್ರಿ," ಎಂದಳಂತೆ. ಅವಳು ತಾನಾಗಿ ಏಳುವವರೆಗೆ ಅವರು ಪಕ್ಕದಲ್ಲಿ ನಿಂತೇ ಇದ್ದರು. ಇದನ್ನು ಅವರು ನನಗೆ ಫೋನಿನಲ್ಲಿ ಹೇಳಿದರು.

ಬಾಡಿಗೆ ಕಾರಿನಲ್ಲಿ ಅವಳನ್ನು ಬಳ್ಳಾರಿಗೆ ಕರೆತಂದೆವು. ಸೀಟಿನ ಮೇಲೆ ಮೈಲಿಗೆಯಾಗದ ಉಣ್ಣೆಯ ಧಾಬಳಿ ಹಾಸಿಕೊಂಡು, ಯಾವುದಕ್ಕೂ ಒರಗದೆ, ತೆಕ್ಕಲಕೋಟೆ ದಾಟಿ ಬಳ್ಳಾರಿ ಬರುವವರೆಗೂ ನೆಟ್ಟಗೆ ಕೂತಿದ್ದಳು. ಪಾರ್ವತಿನಗರದಲ್ಲಿ ನಾನೊಬ್ಬಳೇ ಇರುವ ಮನೆ, ನಾನು ಮದುವೆಯಾಗಲಿಲ್ಲ. ಕುರುಗೋಡಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅಪ್ಪ ಅಮ್ಮ ಹೋದ ಮೇಲೆ ನನ್ನವಳು ಎನ್ನಲು ಉಳಿದವಳು ಅಕ್ಕ. ಅವಳು ನನ್ನ ಮನೆಗೆ ಬಂದು ಇದ್ದದ್ದು ಅದೇ ಮೊದಲು. ಬಂದವಳು ನಾನು ಕೊಟ್ಟ ಕೋಣೆಯಲ್ಲಿ ಬಾಗಿಲ ಕಡೆ ಮುಖ ಮಾಡಿ ಕೂತಳು. ತಾನೇ ಸುಲಿದ ಬಾಳೆಹಣ್ಣು ಬಿಟ್ಟು ಏನೂ ತಿನ್ನಲಿಲ್ಲ.

ಮೊದಲು ನೋಡಿದ ಡಾಕ್ಟರು ಹರೆಯದವರು, ಸೌಮ್ಯ ಮನುಷ್ಯ. ಅವರ ಪ್ರಶ್ನೆಗಳಲ್ಲಿ ತಪ್ಪೇನೂ ಇರಲಿಲ್ಲ.

"ಅಮ್ಮಾ, ಇಷ್ಟು ತೊಳೆಯೋದು ಅತಿಯಾಯ್ತು ಅಂತ ನಿಮಗೇ ಅನ್ನಿಸುತ್ತಾ?"

"ಅತಿ?" ಎಂದಳು ಅಕ್ಕ. "ನಮ್ಮತ್ತಿಯೋರು ನನಗಿಂತ ಹೆಚ್ಚು ಮಾಡ್ತಿದ್ರು. ಈಗಿನ ಮಂದಿಗೆ ಕಡಿಮಿ ಆಗ್ಯದ. ಅದಕ್ಕ ನಂದು ಹೆಚ್ಚು ಕಾಣ್ತದ."

ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲೆ ನನ್ನನ್ನು ಬೇರೆ ಕರೆದು ಹೇಳಿದರು: ನೋಡಿದರೆ ಗೀಳಿನ ಕಾಯಿಲೆಯ ಹಾಗಿದೆ. ಆದರೆ ಗೀಳು ಹಿಡಿದವರಿಗೆ ಸಾಮಾನ್ಯವಾಗಿ ಒಳಗೆಲ್ಲೋ ಗೊತ್ತಿರುತ್ತದೆ, ಬೇಡವೆಂದರೂ ಮಾಡುತ್ತಾರೆ. ಇವರಿಗೆ ಅನುಮಾನವೇ ಇಲ್ಲ. ಹಾಗಾದರೆ ಇದು ಭ್ರಮೆಯ ಕಾಯಿಲೆಯೂ ಇರಬಹುದು. ಅದಕ್ಕೆ ಔಷಧ ಬೇರೆ, ಅಡ್ಮಿಟ್ ಮಾಡಬೇಕಾಗಬಹುದು. "ಅಥವಾ ಇದು ನಿಮ್ಮ ಸಂಪ್ರದಾಯವೇ ಇರಬಹುದು. ನಿಮ್ಮವರ ಪದ್ಧತಿ ನನಗೆ ಗೊತ್ತಿಲ್ಲ ಮೇಡಂ," ಎಂದು ತಮಗಿಂತ ಹಿರಿಯರಾದ ಒಬ್ಬ ಡಾಕ್ಟರರ ಹತ್ತಿರ ಕಳಿಸಿದರು. ಅಲ್ಲಿ ಸರದಿ ಸಿಗಲು ಕೆಲವು ದಿನ ಕಾಯಬೇಕಿತ್ತು.

ಆ ದಿನಗಳಲ್ಲಿ ನಾನು ಸಾಲೆಗೆ ಹೋಗುತ್ತಲೇ ಇದ್ದೆ; ಭಾವ ಅಕ್ಕನ ಜೊತೆ ಇರುತ್ತಿದ್ದರು. ಒಂಬತ್ತನೇ ಕ್ಲಾಸಿಗೆ ಸಸ್ಯಗಳ ವರ್ಗೀಕರಣದ ಪಾಠ ನಡೆದಿತ್ತು. ನೆನೆಸಿದ ಜೋಳ, ಕಡಲೆ ತರಿಸಿ ಮಕ್ಕಳ ಕೈಯಲ್ಲಿ ಸಿಪ್ಪೆ ತೆಗೆಸಿದೆ. ಇದು ಏಕದಳ, ಇದು ದ್ವಿದಳ; ಕಾಳೇ ಹೇಳಿಬಿಡುತ್ತದೆ, ಯಾರನ್ನೂ ಕೇಳಬೇಕಿಲ್ಲ. ಹೇಳುತ್ತಾ ಹೇಳುತ್ತಾ ನನ್ನ ಮಾತು ನಿಂತುಹೋಯಿತು. ಮಕ್ಕಳು ಕಡಲೆ ತಿನ್ನತೊಡಗಿದರು, ನಾನು ಬೈಯಲಿಲ್ಲ.

ಸಂಜೆ ಬಸ್ಸಿಗೆ ನಿಂತಾಗ ಅಣ್ಣ ಫೋನು ಮಾಡಿದ. ಭಾವನಿಂದ ಅವನಿಗೆ ತಿಳಿದಿತ್ತು, ಡಾಕ್ಟರಿಗೆ ತೋರಿಸುತ್ತಿದ್ದೇವೆ ಎಂದಷ್ಟೆ.

"ಏನು, ಮಡಿಗೂ ಡಾಕ್ಟರೇನು?" ಎಂದ. "ನಾಳೆ ಸಂಧ್ಯಾವಂದನಿಗೆ ಒಂದು ಗುಳಿಗಿ ಬರೀತಾರ, ಏಕಾದಶಿಗೆ ಒಂದು ಸೂಜಿ. ಯಾರೋ ಎಲ್ಲೋ ಕೂತು ಪುಸ್ತಕ ಬರ್ದಾರ, ಅದರಾಗ ನಮ್ಮನ್ನ ತುರಕತಾರ."

"ಆಕಿ ಉಣವಲ್ಲಳು, ಅಣ್ಣಾ."

"ಉಪವಾಸ ಇರೋರೆಲ್ಲಾ ಹುಚ್ಚರೇನು? ಒಮ್ಮೆ ಹೆಸರು ಹಚ್ಚಿದ್ರ ಹೋಗೂದಿಲ್ಲ, ತಿಳಕೋ. ಆ ಹೆಸರು ಇದ್ದಾಕಿ ಕೈಯಾಗಿಂದು ಪಿತೃಗಳಿಗೆ ಹೆಂಗ ಬಡಿಸೂದು?"

ಅವನು ಕೆಟ್ಟವನಲ್ಲ. ಅವನ ಮಾತಿನಲ್ಲಿ ಅರ್ಧ ನನಗೂ ಸರಿ ಕಾಣುತ್ತಿತ್ತು. ಬಸ್ಸಿನ ಕಿಟಕಿಯ ಪಕ್ಕ ಕೂತು ಎರಡನ್ನೂ ತೂಗಿದೆ. ಕಾಯಿಲೆ ಅಂದರೆ ಅಕ್ಕನಿಗೆ ಔಷಧ ಸಿಗುತ್ತದೆ, ಅವಳು ಉಂಡು ಬದುಕುತ್ತಾಳೆ. ಆದರೆ ಯಾರೂ ಅವಳನ್ನು ಅಡಿಗೆಗೆ ಕರೆಯುವುದಿಲ್ಲ, ಅವಳಿಗೆ ಇದ್ದದ್ದು ಅದೊಂದೇ. ಸಂಪ್ರದಾಯ ಅಂದರೆ ಆ ಮರ್ಯಾದೆ ಉಳಿಯುತ್ತದೆ, ಅವಳು ಒಣಗುತ್ತಾಳೆ. ಈ ಮಾತನ್ನು ಕೇಳಿಸಿಕೊಳ್ಳಲು ನನಗೆ ಒಬ್ಬರೂ ಇರಲಿಲ್ಲ. ಸಾಮಾನ್ಯವಾಗಿ ಇಂಥದ್ದನ್ನು ನಾನು ಅಕ್ಕನಿಗೆ ಹೇಳುತ್ತಿದ್ದೆ.

ಹಿರಿಯ ಡಾಕ್ಟರರ ಕ್ಲಿನಿಕ್ಕಿನಲ್ಲಿ ಜನ ಬಹಳ. ಪಕ್ಕದಲ್ಲಿದ್ದ ರುಮಾಲಿನ ಮುದುಕ ಭಾವನನ್ನು, "ಬೀಪಿಗೇನ್ರಿ, ತಲಿಗೇನ್ರಿ?" ಎಂದು ಕೇಳಿದ. ಆಚೆ ಕೂತಿದ್ದ ಅವನ ಹೆಂಡತಿ, "ಬೀಪಿ ಡಾಕ್ಟರು ಆ ಓಣ್ಯಾಗ. ಇಲ್ಲಿ ಎಲ್ಲಾರೂ ನಿನ್ನಂಗ ತಲಿಯವರ. ಸುಮ್ಕ ಕುಂದ್ರು," ಎಂದಳು. ಭಾವ ನಕ್ಕರು, ಬಹಳ ದಿನದ ಮೇಲೆ. ಅಕ್ಕ ಗೋಡೆಗೆ ತಾಗದಂತೆ ನಿಂತೇ ಇದ್ದಳು.

ಡಾಕ್ಟರು ನಡುವಯಸ್ಸು ದಾಟಿದ ಹೆಂಗಸು, ಸಿರುಗುಪ್ಪ ಕಡೆಯ ಮುಸ್ಲಿಂ ಮನೆತನದವರು. ಅಕ್ಕನಿಗೆ ಅದರಿಂದ ಏನೂ ಆಗಲಿಲ್ಲ. ಅವಳ ಲೆಕ್ಕದಲ್ಲಿ ಡಾಕ್ಟರೂ ನಾನೂ ಒಂದೇ ಮೈಲಿಗೆ. "ನಾ ಮುಟ್ಟೂದಿಲ್ಲ. ಅಲ್ಲಿಂದನ ಕೈ ತೋರಸ್ರಿ," ಎಂದರು ಡಾಕ್ಟರು. ಅಕ್ಕ ಎರಡೂ ಅಂಗೈ ಎತ್ತಿ ತೋರಿಸಿದಳು. ಅವರು ಸ್ವಲ್ಪ ಹೊತ್ತು ನೋಡಿದರು.

"ನಮ್ಮ ಮನ್ಯಾಗೂ ಒಬ್ಬರು ಚಾಚಾ ಇದ್ರು," ಎಂದರು. "ನಮಾಜಿಗೆ ಮೊದಲು ಕೈಕಾಲು ಮುಖ ತೊಳಿಯೂ ವಜೂ ಮಾಡಾಕ ಕುಂತ್ರ ಏಳತಿದ್ದಿಲ್ಲ. ಕೈ ತೊಳದ್ನೋ ಇಲ್ಲೋ ಅಂತ ಮತ್ತ ಮೊದಲಿಂದ. ಮಸೂತ್ಯಾಗ ನಮಾಜ್ ಮುಗದಿರತಿತ್ತು, ಇವರು ಇನ್ನೂ ನಳದ ಮುಂದ. ಊರಾಗ ಅವರಿಗೆ ದೊಡ್ಡ ಭಕ್ತ ಅಂತ ಹೆಸರು."

ಅಕ್ಕ ಮೊದಲ ಸಲ ಅವರ ಮುಖ ನೋಡಿದಳು.

ನಾನು ಆ ಹರೆಯದ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಗೀಳೋ ಭ್ರಮೆಯೋ ಪದ್ಧತಿಯೋ ಎಂದು ಕೇಳಿದೆ. ಅವರು ಅವಸರ ಮಾಡಲಿಲ್ಲ. ತಾವು ಓದುವಾಗ ಇದ್ದ ಪುಸ್ತಕದಲ್ಲಿ, ರೋಗಿಗೆ ಒಮ್ಮೆಯಾದರೂ ಇದು ಅತಿ ಎನ್ನಿಸಿರಬೇಕು, ಆಗಲೇ ಅದು ಗೀಳು ಎಂದಿತ್ತಂತೆ. ಆಮೇಲೆ ಬಂದ ಪುಸ್ತಕದಲ್ಲಿ ಆ ಮಾತು ತೆಗೆದರು. ಅನ್ನಿಸದಿದ್ದರೂ ಗೀಳೇ ಇರಬಹುದು, ರೋಗಿಗೆ ಎಷ್ಟು ತಿಳಿವಳಿಕೆ ಇದೆ ಎಂದು ಪಕ್ಕದಲ್ಲಿ ಬರೆಯಿರಿ ಎಂದು ಅದು ಹೇಳಿತು. "ಮಂದಿ ಅವರೇ. ಗೆರಿ ಸರದೈತಿ," ಎಂದರು. "ಇದರ ಮ್ಯಾಲ ನಾವು ನಾವ ಜಗಳಾಡತೀವಿ. ಬೀಪಿಗೆ ಮಷೀನು ಐತಿ. ಇದಕ್ಕ ನೀವು ಹೇಳೂದ ಮಷೀನು. ಅದಕ್ಕ ನೋಡಿದಷ್ಟ ಹೇಳ್ರಿ, ಹೆಚ್ಚೂ ಬ್ಯಾಡ, ಕಡಿಮಿನೂ ಬ್ಯಾಡ. ನಿಮ್ಮ ತಾಯಿ ಮಡಿ ಮಾಡತಿದ್ರೇನು?"

"ಮಾಡತಿದ್ರು."

"ಎಷ್ಟು ತೊಳೀತಿದ್ರು ಅಂತ ಕೇಳೂದಿಲ್ಲ. ಮಡಿ ಮುಗದ ಮ್ಯಾಲ ಏನು ಮಾಡತಿದ್ರು?"

ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನೆನಪು ಮಾಡಿಕೊಳ್ಳಬೇಕಾಗಲಿಲ್ಲ, ತಾನಾಗಿ ಬಂತು. ಅಮ್ಮ ಬೆಳಗಿನಿಂದ ಮಡಿಯಲ್ಲಿರುತ್ತಿದ್ದಳು, ನಾವು ಹತ್ತಿರ ಹೋಗುವಂತಿರಲಿಲ್ಲ. ಪೂಜೆ, ನೈವೇದ್ಯ, ಅಪ್ಪನ ಊಟ, ಕೊನೆಗೆ ಅವಳ ಊಟ. ಒಲೆ ಸಾರಿಸಿ, ಮಡಿ ಸೀರೆ ಬಿಚ್ಚಿಟ್ಟು, ಮನೆಯಲ್ಲಿ ಉಡುವ ಸೀರೆ ಉಟ್ಟು ಪಡಸಾಲೆಗೆ ಬಂದು, "ಬರ್ರೇ, ಮಡಿ ಬಿಟ್ಟೆ," ಎನ್ನುತ್ತಿದ್ದಳು. ಅಷ್ಟಕ್ಕೇ ಕಾದಿದ್ದು ನಾವು ಮೈಮೇಲೆ ಬೀಳುತ್ತಿದ್ದೆವು. ನಾನು ಚಿಕ್ಕವಳು, ಅಕ್ಕ ದೊಡ್ಡವಳು. ಆದರೂ ತೊಡೆಯ ಮೇಲಿನ ಜಾಗ ಅವಳಿಗೇ ಸಿಗುತ್ತಿತ್ತು.

ಅಕ್ಕ ಕೇಳಿಸಿಕೊಳ್ಳುತ್ತಿದ್ದಳು. ನಾನು ಅವಳನ್ನು ನೋಡದೆ ಹೇಳಿದೆ: "ಅಮ್ಮ ದಿನಾ ಮಧ್ಯಾಹ್ನ ಮಡಿ ಬಿಡ್ತಿದ್ಲು. ಅಕ್ಕ ಬಿಡೂದಿಲ್ಲ. ಕೊರೊನಾ ಮುಗದಾಗಿಂದ ಬಿಟ್ಟದ್ದು ನಾ ನೋಡಿಲ್ಲ."

ಭಾವ ಹೌದೆನ್ನುವಂತೆ ತಲೆಯಾಡಿಸಿದರು. ಆಮೇಲೆ ಅಕ್ಕ, ನನಗಲ್ಲ, ಡಾಕ್ಟರಿಗೂ ಅಲ್ಲ, ಎದುರಿನ ಗೋಡೆಗೆ ಹೇಳಿದಂತೆ ಹೇಳಿದಳು:

"ಅಮ್ಮಗ ಬಿಡ್ಲಿಕ್ಕೆ ಬರ್ತಿತ್ತು. ನನಗ ಬರೂದಿಲ್ಲ."

ಡಾಕ್ಟರು ಬರೆಯುತ್ತಿದ್ದವರು ನಿಲ್ಲಿಸಿದರು. "ಬಿಡಬೇಕು ಅನಸತೈತೇನು?"

"ದಿನಾ ಅನಸ್ತದ," ಎಂದಳು ಅಕ್ಕ.

ನಾನು ಅಷ್ಟು ದಿನ ಅವಳ ಜೊತೆ ಮಾತಾಡಿದ್ದೆ, ಜಗಳವಾಡಿದ್ದೆ, ಅತ್ತಿದ್ದೆ. ಈ ಮಾತನ್ನು ಅವಳು ನನಗೆ ಹೇಳಿರಲಿಲ್ಲ. ನಾನು ಕೇಳುತ್ತಿದ್ದುದು ತೊಳೆಯುವುದರ ಬಗ್ಗೆ.

ಭ್ರಮೆಯ ಮಾತು ಅಲ್ಲಿಗೆ ಮುಗಿಯಿತು. ಅಡ್ಮಿಟ್ ಬೇಡ ಎಂದರು. ಗೀಳು ಎಂದು ಬರೆದರು, ಗುಳಿಗೆ ಬರೆದರು. "ಗುಳಿಗಿ ಯಾರು ಮುಟ್ಟಿರ್ತಾರ?" ಎಂದು ಅಕ್ಕ ಕೇಳಿದಳು. "ಮಷೀನು ಮಾಡತೈತ್ರಿ. ಅದಕ್ಕ ಮೈಲಿಗಿ ಇಲ್ಲ," ಎಂದರು. ಜೊತೆಗೆ ಒಂದು ಕೆಲಸ ಹೇಳಿದರು: ಬೆಳಗ್ಗೆ ಮಡಿ ಬೇಡ ಎನ್ನುವುದಿಲ್ಲ. ಆದರೆ ಉಂಡ ಮೇಲೆ ತಾಯಿಯಂತೆ ಮಡಿ ಬಿಡಬೇಕು. ಮೊದಲು ಸ್ವಲ್ಪ ಹೊತ್ತು, ಆಮೇಲೆ ಹೆಚ್ಚು. ಮತ್ತೆ ಸ್ನಾನಕ್ಕೆ ಎದ್ದರೆ ತಡೆಯಬೇಡಿ, ತಡ ಮಾಡು ಎಂದಷ್ಟೇ ಹೇಳಿ.

ಬೇಸಿಗೆ ರಜೆ ಬಂತು. ಪಾರ್ವತಿನಗರದ ಮನೆಯಲ್ಲಿ ನಾವಿಬ್ಬರೇ. ಭಾವ ಊರಿಗೆ ಹೋಗಿದ್ದರು. ಅಕ್ಕ ಊಟ ಮುಗಿಸಿ, ಬೇರೆ ಸೀರೆ ಉಟ್ಟು, ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದಳು. ಕುರ್ಚಿಗೆ ತಾಗಿದ ಕೈಯನ್ನು ಮೈಯಿಂದ ದೂರ ಹಿಡಿದಿರುತ್ತಿದ್ದಳು. ಬೆವರುತ್ತಿದ್ದಳು. ಬಳ್ಳಾರಿಯ ಬಿಸಿಲಿನ ಬೆವರಲ್ಲ ಅದು. ಫ್ಯಾನಿನ ಕೆಳಗೇ ಕೂತಿರುತ್ತಿದ್ದಳು. ಕೆಲವು ದಿನ ಎದ್ದು ಬಚ್ಚಲಿಗೆ ಓಡಿದಳು. ಕೆಲವು ದಿನ ಕೂತಳು. "ಇನ್ನೊಂದು ಚೂರು ತಡ ಮಾಡಕ್ಕ," ಎನ್ನುವುದೊಂದೇ ನನ್ನ ಮಾತು. ಜೂನಿನ ಹೊತ್ತಿಗೆ ಅಂಗೈ ಕೂಡಿಕೊಂಡಿತು. ಒಂದು ಮಧ್ಯಾಹ್ನ ಸೋರೆಕಾಯಿ ಹುಳಿಯಲ್ಲಿ ಎರಡನೇ ಸಲ ಅನ್ನ ಕಲಸಿಕೊಂಡಳು. ನಾನು ಅಡಿಗೆಮನೆಗೆ ಹೋಗಿ ಸುಮ್ಮನೆ ನಿಂತು ಬಂದೆ.

ಅವಳು ಸಿರುಗುಪ್ಪಕ್ಕೆ ಹೊರಡುವ ಮೊದಲು ಅಣ್ಣನ ಫೋನು ಬಂತು. ತಾಯಿಯ ತಿಥಿ ಹತ್ತಿರವಿತ್ತು. ನನಗಲ್ಲ, ಅಕ್ಕನಿಗೇ ಮಾಡಿದ್ದ. ಅವಳು ಸ್ಪೀಕರ್ ಹಾಕಿ ಮೊಬೈಲನ್ನು ಮೇಜಿನ ಮೇಲೆ ಇಟ್ಟಿದ್ದರಿಂದ ನನಗೂ ಕೇಳಿಸಿತು.

"ಆರಾಮ ಆದ್ಯಲ್ಲ? ನಾ ಹೇಳಿದ್ದೆ, ಏನೂ ಆಗಿಲ್ಲ ಅಂತ. ಬಾ ಮತ್ತ, ಹಿಂದಿನ ದಿನಾನ ಕಾರು ಕಳಸ್ತೀನಿ."

ಡಾಕ್ಟರು ಏನೆಂದರು ಎಂದು ಅವನಿಗೆ ನಾವು ಯಾರೂ ಹೇಳಿರಲಿಲ್ಲ. ಅವನೂ ಕೇಳಲಿಲ್ಲ. ಅಕ್ಕ ಹೂಂ ಎಂದಿದ್ದರೆ ಸಾಕಿತ್ತು. ಹೂಂ ಅನ್ನು ಎಂದು ನಾನು ಅವಳಿಗೆ ಕಣ್ಸನ್ನೆಯನ್ನೂ ಮಾಡಿದೆ.

"ಅಣ್ಣಾ, ನನಗ ಗೀಳಿನ ಕಾಯಿಲೆ ಅದ ಅಂತ," ಎಂದಳು. "ಮಡಿದು. ಗುಳಿಗಿ ತಗೋತೀನಿ. ಮಧ್ಯಾಹ್ನ ಆದ ಮ್ಯಾಲ ಎಲ್ಲಾ ಮುಟ್ತೀನಿ. ನಿನಗ ತಿಳೀದಂಗ ಬಡಿಸಿದ್ರ ದೊಡ್ಡಮ್ಮಗ ಮುಟ್ಟೂದಿಲ್ಲ. ತಿಳದು ಕರಿ."

ಆಮೇಲೆ ಅಣ್ಣ, "ನೀ ಇದನ್ನ ಹೇಳಬಾರದಿತ್ತು," ಎಂದ. ಬೈದದ್ದಲ್ಲ, ದುಃಖಪಟ್ಟ ದನಿ. "ಈ ವರ್ಷ ವಿಶ್ರಾಂತಿ ತಗೋ. ಅಡಿಗಿಗೆ ಯಾರನ್ನರೆ ನೋಡ್ತೀನಿ. ಊಟಕ್ಕ ಬಾ."

"ಆತು," ಎಂದಳು.

ಫೋನು ಇಟ್ಟ ಮೇಲೆ ಅವಳು ಅದೇ ಕುರ್ಚಿಯಲ್ಲಿ ಕೂತಳು. ಅಲ್ಲಿಂದಲೇ ಕೇಳಿದಳು:

"ನಂದು ರೋಗ ಆದ್ರ, ಇಷ್ಟು ವರ್ಷ ಅವರೆಲ್ಲಾ ಉಂಡದ್ದು ಏನು?"

ನಾನು ಹೇಳಬಹುದಾದ್ದು ಬಹಳ ಇತ್ತು. ಮಡಿಯೂ ನಿನ್ನದೇ, ರೋಗವೂ ನಿನ್ನದೇ, ಎರಡರ ನಡುವೆ ಗೆರೆ ಎಳೆದವರು ಬೇರೆಯವರು ಎನ್ನಬಹುದಿತ್ತು. ಅದು ನಿಜವೋ ಅಲ್ಲವೋ ನನಗೇ ಗೊತ್ತಿರಲಿಲ್ಲ. "ಅನ್ನ ಉಂಡ್ರು ಅಕ್ಕ. ಹೊಟ್ಟಿ ತುಂಬ," ಎಂದೆ.

"ಅಷ್ಟ ಏನು," ಎಂದಳು.

ತಿಥಿಯ ದಿನ ನಾನು ಕುರುಗೋಡಿನಲ್ಲೇ ಇದ್ದೆ, ಸಾಲೆಯಲ್ಲಿ. ಅಣ್ಣನ ಮನೆ ಅಲ್ಲಿಂದ ದೂರವಿಲ್ಲ. ಊಟಕ್ಕೆ ಕರೆದಿದ್ದ, ಹೋಗಲಿಲ್ಲ. ಮಧ್ಯಾಹ್ನದ ಬೆಲ್ಲು ಹೊಡೆದು ಮಕ್ಕಳು ಬಿಸಿಯೂಟಕ್ಕೆ ಸಾಲು ನಿಂತಾಗ ಸಿರುಗುಪ್ಪದಿಂದ ಅಕ್ಕನ ಫೋನು ಬಂತು. ನಾನು ಪ್ರಯೋಗಾಲಯದ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

"ಈಗ ಅಲ್ಲಿ ಎಲಿ ಹಾಕಿರ್ತಾರ," ಎಂದಳು.

"ಹಾಕಿರ್ತಾರ."

"ವಡಿ ಹಿಟ್ಟಿಗೆ ನೀರು ಹೆಚ್ಚು ಮಾಡತಾರ ಆ ಕೂಲಿಯವರು. ಎಣ್ಣಿ ಕುಡೀತದ. ಅಣ್ಣಗ ಪಿತ್ತ ಅದ," ಎಂದಳು.

"ನೀ ಉಂಡ್ಯೇನಕ್ಕ?"

"ಉಂಡೆ. ಈಗ ಉಂಡು ಎದ್ದು ಮಡಿ ಬಿಟ್ಟೆ. ನಿಮ್ಮ ಭಾವನೂ ಉಂಡ್ರು. ಇನ್ನೇನು ಕೆಲಸ ಇಲ್ಲ," ಎಂದಳು.

ಅವಳ ಹಿಂದೆ ಮಿಲ್ಲಿನ ಸದ್ದು ಕೇಳುತ್ತಿತ್ತು, ನನ್ನ ಹಿಂದೆ ಮಕ್ಕಳ ತಟ್ಟೆಗಳ ಸದ್ದು. ಅವಳೂ ಫೋನು ಇಡಲಿಲ್ಲ, ನಾನೂ ಇಡಲಿಲ್ಲ.